ಹದಿನಾಲ್ಕನೆಯ ಕಲಂ

ವಿನಿಪೆಗ್‌ನಲ್ಲಿ ಇವತ್ತು ಮೈನಸ್ ಮೂವತ್ತೊಂದು.
ಕಾರುಗಳಿಗೆಲ್ಲ ಕರೆಂಟಿನ ಹಗ್ಗ ಕಟ್ಟಿ
ಗೋಡೆಗೆ ಬಿಗಿದಿದ್ದಾರೆ, ಕೊಟ್ಟಿಗೆಯ ದನಗಳ ಹಾಗೆ.
ನಾನು ಮಾತ್ರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ,
ವರ್ಷವಿಡೀ ಇಪ್ಪತ್ತೆರಡು ಡಿಗ್ರಿಯ ಒಂದೇ ಋತುವಿನಲ್ಲಿ,
ಇಲಿಗಳಿಗೆ ಸೂಲಗಿತ್ತಿ.

ಇಪ್ಪತ್ತೊಂದನೆಯ ದಿನ ಮರಿಗಳ ಬಾಲ ಎತ್ತಿ ನೋಡಬೇಕು.
ಎರಡು ಚುಕ್ಕೆಗಳ ನಡುವೆ ದೂರವಿದ್ದರೆ ಗಂಡು:
ಪಂಜರ, ನಂಬರು, ನೀಲಿ ಚೀಟಿ.
ಹತ್ತಿರವಿದ್ದರೆ
ಸಾಸಿವೆಕಾಳಿನಷ್ಟು ಆ ವ್ಯತ್ಯಾಸಕ್ಕೆ
ಬೇರೆ ಡಬ್ಬಿ. ಮೇಲೆ ಬರೆದದ್ದು: ಹೆಚ್ಚುವರಿ.
ಹತ್ತೊಂಬತ್ತು ವರ್ಷ ಅದರ ಮುಚ್ಚಳ ಹಾಕಿದವಳು ನಾನೇ,
ಗ್ಯಾಸಿನ ತಿರುಪು ತಿರುಗಿಸಿದವಳೂ.
ಎಷ್ಟೆಂದು ಎಣಿಸಿಲ್ಲ. ಯಾರೂ ಕೇಳಲಿಲ್ಲ.

ಹೊಸತರಲ್ಲಿ ಒಮ್ಮೆ ಕೇಳಿದ್ದೆ, ಯಾಕೆ ಹೀಗೆ ಎಂದು.
ಡಾಕ್ಟರ್ ಥೋರ್ವಾಲ್ಡ್‌ಸನ್ ಕನ್ನಡಕ ಒರೆಸುತ್ತ,
ಒಳ್ಳೆಯ ಮನುಷ್ಯ,
"ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಹವೆ ಬದಲಾಗುತ್ತೆ ದಾರ್ಕಾ,
ನಮ್ಮ ಗ್ರಾಫು ಕೆಡುತ್ತೆ" ಅಂದರು.
ತಲೆಯಾಡಿಸಿ ಬಂದೆ.
ಅದೇ ವಾರ ಗಂಡಿಲಿಗಳು ಕಚ್ಚಾಡಿ
ಕಿವಿ ಹರಿದುಕೊಂಡು ಕೂತಿದ್ದವು.
ಗ್ರಾಫು ಆಗ ಯಾಕೆ ಕೆಡಲಿಲ್ಲವೋ.

ನನ್ನ ತಂಗಿ ಸ್ಲಾವ್ಕಾ, ಡಾಫಿನ್‌ನಲ್ಲಿ ಸ್ಕೂಲ್ ಬಸ್ ಓಡಿಸುತ್ತಿದ್ದವಳು,
ನಿದ್ದೆ ಬಾರದೆಂದು ಮಾತ್ರೆ ನುಂಗಿದಳು. ಒಂದೇ.
ಚೀಟಿಯಲ್ಲಿ ಇದ್ದದ್ದೇ ಅಷ್ಟು: ವಯಸ್ಕರಿಗೆ ಒಂದು.
ಬೆಳಿಗ್ಗೆ ಅವಳೆದ್ದಳು, ಮಾತ್ರೆ ಇನ್ನೂ ಅವಳೊಳಗೆ ಮಲಗಿತ್ತು.
ಮೊದಲ ಮಗುವಿನ ಮನೆ ಇನ್ನೂ ಎರಡು ಮೈಲಿ ಇರುವಾಗ
ಹಳದಿ ಬಸ್ಸು ಹಳ್ಳದ ಹಿಮದಲ್ಲಿ.
ಸೊಂಟ ಮುರಿಯಿತು. ಲೈಸೆನ್ಸ್ ಹೋಯಿತು.
ಪೊಲೀಸರು ಬರೆದುಕೊಂಡರು: ಚಾಲಕಿಯ ಅಜಾಗರೂಕತೆ.
ಆ "ವಯಸ್ಕರು" ಯಾರೆಂದು
ಬಾಲ ಎತ್ತಿ ನೋಡಿದವಳು ನಾನು.
ಬಾಯಿ ಬಿಡಲಿಲ್ಲ.

ಈ ಸಲ ಅನುದಾನದ ಅರ್ಜಿಯಲ್ಲಿ ಹೊಸ ಕಲಂ, ಹದಿನಾಲ್ಕು:
ಲಿಂಗವನ್ನೂ ಲಿಂಗತ್ವವನ್ನೂ ಪರಿಗಣಿಸಿದ್ದೀರಾ?
ಇಲ್ಲವಾದರೆ ಕಾರಣ ಕೊಡಿ, ಮುನ್ನೂರು ಪದ ಮೀರದಂತೆ.
ಮಹಡಿಯ ಮೇಲೆ ಮೀಟಿಂಗ್.
ಇಲಿ ಇಮ್ಮಡಿ, ದುಡ್ಡು ಅಷ್ಟೇ, ಎಂದರು ಒಬ್ಬರು.
ಹೌದೆಂದು ಗೀಟು ಹಾಕಿ ಮುಂದೆ ಹೋಗೋಣ, ಇನ್ನೊಬ್ಬರು.
"ಲಿಂಗ ಬಾಲದ ಕೆಳಗಿದೆ, ಒಪ್ಪಿದೆ.
ಈ ಲಿಂಗತ್ವ ಎಲ್ಲಿದೆ, ತೋರಿಸಿ" ಎಂದರು ಥೋರ್ವಾಲ್ಡ್‌ಸನ್.
ನಾನು ಕಾಫಿ ಲೋಟ ಕೈಯಲ್ಲಿ ಹಿಡಿದು ಬಾಗಿಲ ಬಳಿ.
ಅಲಾರಮ್ಮಿನಲ್ಲಿದೆ ಡಾಕ್ಟರ್, ನಾಲ್ಕೂ ನಲವತ್ತಕ್ಕೆ;
ಮೂವರಿಗೆ ಬುತ್ತಿ ಕಟ್ಟಿ, ಅತ್ತೆಯ ಡಯಾಪರ್ ಬದಲಿಸಿ
ಆಮೇಲೆ ಬಸ್ಸಿನ ಕೀಲಿ ತೆಗೆದುಕೊಳ್ಳುವ ಕೈಯಲ್ಲಿದೆ.
ಅಂದುಕೊಂಡೆ. ಅನ್ನಲಿಲ್ಲ.

ಹೊಸ ಹುಡುಗಿ ಇಫೆಯೋಮಾ ತಿರುಗಿ ಕೇಳಿದಳು,
"ಕೆಳಗೆ ನೀವೇನು ನೋಡಿದ್ದೀರಿ?"
ಕೈಲ್ ಡ್ಯೂಟಿಯಲ್ಲಿದ್ದ ದಿನ
ಇಲಿಗಳು ಮೂಲೆ ಸೇರಿ ಹಿಕ್ಕೆ ಜಾಸ್ತಿ ಹಾಕುತ್ತವೆ, ಎಂದೆ.
ಅವನು ಬರಬೇಕಿಲ್ಲ, ಅವನ ಅಂಗಿ ಸಾಕು.
ನಕ್ಕರು.
ಆಮೇಲೆ ಯಾರೋ ನಗು ನಿಲ್ಲಿಸಿ ಪೆನ್ನು ಹುಡುಕಿದರು.

ಇವತ್ತು ಇಪ್ಪತ್ತೊಂದನೆಯ ದಿನ.
ಹೊಸ ಚೀಟಿಗಳು ಬಂದಿವೆ; ಪ್ರೆಸ್ಸಿನವನಿಗೆ ಬೇರೆ ಬಣ್ಣ ಹೊಳೆದಿಲ್ಲ, ಗುಲಾಬಿಯೇ.
ಬೆರಳಿನ ತುದಿಯಲ್ಲಿ ಒಂದು ಮರಿ,
ಎರಡು ಚುಕ್ಕೆ, ಹತ್ತಿರ ಹತ್ತಿರ.
ಇದೂ ಸಾಯುವುದೇ. ಎಪ್ಪತ್ತನೆಯ ದಿನ, ಸೂಜಿಯಡಿ.
ಕರುಣೆ ಎಂದು ಕರೆಯಲಾರೆ ಇದಕ್ಕೆ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದಿದ್ದದ್ದು
ಲೆಕ್ಕಕ್ಕೆ ಬಂತು, ಅಷ್ಟೇ: ಎಫ್ ಸೊನ್ನೆ ಸೊನ್ನೆ ಒಂದು.
ಎಡಗೈ ಚೀಟಿ ಸಿಕ್ಕಿಸುತ್ತಿರುವಾಗಲೂ
ಬಲಗೈ ಹಳೆಯ ಅಭ್ಯಾಸಕ್ಕೆ
ಡಬ್ಬಿಯ ಮುಚ್ಚಳ ಹುಡುಕುತ್ತಿತ್ತು.